ತುರ್ತು ವೈದ್ಯರ ವಿಪತ್ತು ಬ್ಯಾಗ್: ಚೀಲ ಗಟ್ಟಿ, ಸಾಮಾನು ಅರೆಬರೆ

ಹುಬ್ಬಳ್ಳಿಯ ಸರ್ಜಿಕಲ್ ಅಂಗಡಿಯಲ್ಲಿ ತುಂಬಿಸಿಯೇ ಮಾರುವ ಬೆನ್ನುಚೀಲವಿದು. ಪರಿಹಾರ ಕೆಲಸಕ್ಕೆ ಹೊರಡುವ ತುರ್ತು ಚಿಕಿತ್ಸಾ ವೈದ್ಯರಿಗೆ ಚೀಲವೇನೋ ಚೆನ್ನಾಗಿದೆ: ಜಿಪ್ ದಪ್ಪ, ಒಳಜೇಬು ಪಾರದರ್ಶಕ, ಕೈಗವಸು ಹಾಕಿಕೊಂಡೇ ತೆಗೆಯಬಹುದು. ಹೊಲಿಗೆಯಲ್ಲಿ ಮಾತ್ರ ನೀರಿಳಿಯುತ್ತದೆ. ಮಲಪ್ರಭೆ ಉಕ್ಕಿದಾಗ ನರಗುಂದ, ರೋಣದ ಕಡೆ ಹೋಗುವವರು ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಲೇಬೇಕು.

ದೊಡ್ಡ ದೋಷ ಟೂರ್ನಿಕೆಟ್‌ನದು, ಅಂದರೆ ರಕ್ತಸ್ರಾವ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿಯದು. ಕೊಟ್ಟಿರುವುದು ರಕ್ತ ಪರೀಕ್ಷೆಗೆ ಕಟ್ಟುವ ತೆಳು ರಬ್ಬರ್ ಪಟ್ಟಿ. ಅದು ಹೃದಯಕ್ಕೆ ರಕ್ತ ಮರಳಿಸುವ ಅಭಿಧಮನಿಯನ್ನಷ್ಟೇ ಒತ್ತುತ್ತದೆ. ಹೃದಯದಿಂದ ರಕ್ತ ತರುವ ಅಪಧಮನಿ ಹರಿಯುತ್ತಲೇ ಇರುವುದರಿಂದ ರಕ್ತಸ್ರಾವ ಹೆಚ್ಚಬಹುದು. ಸುಮಾರು 4 ಸೆಂ.ಮೀ. ಅಗಲದ, ತಿರುಪುಕಡ್ಡಿಯಿರುವ ಪಟ್ಟಿ ಬೇಕು. ಗಾಯಕ್ಕಿಂತ 5–7 ಸೆಂ.ಮೀ. ಮೇಲೆ, ಕೀಲು ತಪ್ಪಿಸಿ ಬಿಗಿದು, ಕಟ್ಟಿದ ಸಮಯ ಬರೆಯಬೇಕು.

ರಕ್ತನಾಳಕ್ಕೆ ಹನಿಸುವ ದ್ರವದ ಆಯ್ಕೆಯೂ ಸರಿಯಿಲ್ಲ: ಬರೀ ರಿಂಗರ್ ಲ್ಯಾಕ್ಟೇಟ್ ಎಂಬ ಲವಣ ದ್ರಾವಣ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿಯಿತಲ್ಲ, ಅಂಥ ಕಡೆ ಇದು ಬೇಡ. ಗಂಟೆಗಟ್ಟಲೆ ಜಜ್ಜಿದ ಸ್ನಾಯುವಿನಲ್ಲಿ ಪೊಟ್ಯಾಸಿಯಂ ಸೋರಿ ನಿಂತಿರುತ್ತದೆ. ಭಾರ ಎತ್ತಿದೊಡನೆ ಅದು ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಬಹುದು. ರಿಂಗರ್‌ನಲ್ಲಿ ಪೊಟ್ಯಾಸಿಯಂ ಇದೆ. ಎತ್ತುವ ಮೊದಲೇ ನಾರ್ಮಲ್ ಸಲೈನ್ (ಬರೀ ಉಪ್ಪುನೀರಿನ ದ್ರಾವಣ) ಶುರುವಾಗಬೇಕು, ವಯಸ್ಕರಿಗೆ ಗಂಟೆಗೆ ಸುಮಾರು 1 ಲೀಟರ್.

ಓಆರ್‌ಎಸ್ ಸಾಕಷ್ಟಿದೆ, ಆದರೆ 200 ಮಿ.ಲೀ. ಮತ್ತು 1 ಲೀಟರ್ ಪೊಟ್ಟಣಗಳು ಒಂದೇ ಜೇಬಿನಲ್ಲಿವೆ. ದೊಡ್ಡದನ್ನು ಲೋಟ ನೀರಿಗೆ ಕಲಸಿದರೆ ಮಗುವಿನ ರಕ್ತದಲ್ಲಿ ಸೋಡಿಯಂ ಅಪಾಯಕ್ಕೇರುತ್ತದೆ. ಖಾಲಿ ಚೀಲ ಕೊಟ್ಟರೆ ಅದನ್ನೇ ಕೊಳ್ಳಿ, ಸಾಮಾನು ನೀವೇ ಆರಿಸಿ ತುಂಬಿ.