ಟ್ರ್ಯಾಕ್‌ಗೆಂದು ತಂದ ಸೆಮಿ ಮೆಟಾಲಿಕ್ ಪ್ಯಾಡ್, ಕಾರವಾರದ ಉಪ್ಪುಗಾಳಿಯಲ್ಲಿ

ಈ ಬ್ರೇಕ್ ಪ್ಯಾಡ್‌ಗಳನ್ನು ದೂರುವುದಕ್ಕೆ ಮೊದಲು ಅವುಗಳಿಗೆ ಸಲ್ಲಬೇಕಾದ ಹೊಗಳಿಕೆಯನ್ನು ಸಲ್ಲಿಸಿಬಿಡುತ್ತೇನೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯ ಒಂದು ಸುತ್ತು ಸುಮಾರು 2.1 ಕಿಲೋಮೀಟರ್ ಮಾತ್ರ. ಒಂದು ತಿರುವಿನಲ್ಲಿ ಕಾದ ಡಿಸ್ಕ್ ತಣಿಯುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ. ಹಿಂದೆ ಡ್ರಮ್ ಇರುವ ನನ್ನ ಹಳೆಯ ಹ್ಯಾಚ್‌ಬ್ಯಾಕ್‌ನಲ್ಲಿ ಸಾಮಾನ್ಯ ಪ್ಯಾಡ್ ಇದ್ದಾಗ, ಕೆಲವು ಸುತ್ತು ಕಳೆಯುವುದರೊಳಗೆ ಪೆಡಲ್ ಗಟ್ಟಿಯಾಗಿಯೇ ಇದ್ದರೂ ಕಾರು ಮಾತ್ರ ನಿಲ್ಲಲೊಲ್ಲದಾಗುತ್ತಿತ್ತು. ಪೆಡಲ್ ಮೆತ್ತಗಾದರೆ ಬ್ರೇಕ್ ಆಯಿಲ್ ಕುದಿದಿದೆ ಎಂದು ಅರ್ಥ. ಗಟ್ಟಿಯಿದ್ದೂ ನಿಲ್ಲದಿದ್ದರೆ ದೋಷ ಪ್ಯಾಡ್‌ನದು. ಲೋಹದ ಪುಡಿ, ನಾರು ಬೆರೆಸಿ ಮಾಡಿದ, ಜಿಜಿ ಗುರುತಿನ ಈ ಸೆಮಿ ಮೆಟಾಲಿಕ್ ಪ್ಯಾಡ್ ಬಂದ ಮೇಲೆ ಆ ತೊಂದರೆ ಸಂಪೂರ್ಣ ನಿಂತಿದೆ. ಮೊದಲ ಸುತ್ತಿಗೂ ಕೊನೆಯ ಸುತ್ತಿಗೂ ಕಾಲಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಪ್ಯಾಡ್‌ನ ಬೆನ್ನಿನ ಮೇಲೆ ಅಚ್ಚಾಗಿರುವ, ಜಿಜಿಯಂಥ ಎರಡು ಅಕ್ಷರಗಳನ್ನು ಅಂಗಡಿಯವರು ವಿವರಿಸುವುದು ಅಪರೂಪ. ಮೊದಲನೆಯದು ಸಾಧಾರಣ ಬಿಸಿಯಲ್ಲಿನ ಘರ್ಷಣೆಯನ್ನೂ ಎರಡನೆಯದು ಹೆಚ್ಚು ಕಾದಾಗಿನ ಘರ್ಷಣೆಯನ್ನೂ ಸೂಚಿಸುತ್ತದೆ. ಎಫ್ ಎಂದರೆ ಘರ್ಷಣಾಂಕ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಕಾಗದದ ಮೇಲೆ ಎಫ್‌ನಿಂದ ಜಿಗೆ ಒಂದೇ ಮೆಟ್ಟಿಲಿನ ಏರಿಕೆಯಾದರೂ ಇಡೀ ಕಾರಿನ ಬ್ರೇಕ್ ಸಮತೋಲನ ಕೆಡುವುದಕ್ಕೆ ಅಷ್ಟೇ ಸಾಕಾಗುತ್ತದೆ.

ಕಾರಣ ಸರಳವಾಗಿದೆ. ಮುಂದಿನ ಪ್ಯಾಡ್ ಬಿರುಸಾದಷ್ಟೂ ಅದೇ ವೇಗ ಇಳಿಸಲು ನಾವು ಪೆಡಲನ್ನು ಕಡಿಮೆ ಒತ್ತುತ್ತೇವೆ. ಪೈಪಿನಲ್ಲಿ ಒತ್ತಡ ಕಡಿಮೆಯಾದಾಗ, ಲೈನರ್ (ಡ್ರಮ್‌ನ ಒಳಮೈಗೆ ಒತ್ತುವ ಪಟ್ಟಿ) ಬದಲಾಗದ ಹಿಂದಿನ ಡ್ರಮ್‌ಗಳ ಪಾಲಿನ ಕೆಲಸವೂ ಕಡಿಮೆಯಾಗುತ್ತದೆ. ಮುಂದಿನ ಚಕ್ರಗಳೇ ಎಳೆಯುವ ಇಂಥ ಕಾರುಗಳಲ್ಲಿ ನಿಂತಾಗಲೇ ತೂಕದ ಶೇಕಡಾ 60ರಷ್ಟು ಮುಂದಿರುತ್ತದೆ, ಜೋರಾಗಿ ಬ್ರೇಕ್ ಹಾಕಿದರೆ ಅದು 80ರ ಆಸುಪಾಸಿಗೆ ಹೋಗುತ್ತದೆ. ಹಾಗಾಗಿ ಮುಂದಿನ ಟೈರ್‌ಗಳು ಮೊದಲೇ ಹೊರೆ ಹೊತ್ತಿರುತ್ತವೆ. ಉಳಿದದ್ದನ್ನೂ ಅವುಗಳ ಹೆಗಲಿಗೇ ಹಾಕಿದರೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಬೇಗನೆ ಕುಟ್ಟತೊಡಗುತ್ತದೆ, ಸ್ಟಿಯರಿಂಗ್ ತಿರುಗಿಸಿದರೂ ಮೂತಿ ನೇರಕ್ಕೇ ಜಾರುತ್ತದೆ. ಪ್ಯಾಡ್ ಮಾರುವವರು ಹೇಳುವ ‘ಕಡಿಮೆ ದೂರದಲ್ಲಿ ನಿಲುಗಡೆ’ ನನಗಂತೂ ಸಿಗಲಿಲ್ಲ. ಕಾರನ್ನು ಕೊನೆಗೆ ನಿಲ್ಲಿಸುವುದು ಟೈರ್ ನೆಲವನ್ನು ಹಿಡಿಯುವ ಬಲವೇ ಹೊರತು ಪ್ಯಾಡ್ ಡಿಸ್ಕನ್ನು ಹಿಡಿಯುವ ಬಲವಲ್ಲ.

ಹಿಂದಿನ ಪಾಲನ್ನು ಮರಳಿ ಪಡೆಯಲು ನಮ್ಮೂರಿನ ಮೇಸ್ತ್ರಿಯವರು ಡ್ರಮ್ ಬಿಚ್ಚಿ, ಹೊಳಪೇರಿದ್ದ ಲೈನರ್ ತೆಗೆದು ಹೊಸದನ್ನು ಕೂರಿಸಿ, ಅಡ್ಜಸ್ಟರ್ ಹಲ್ಲುಗಳನ್ನು ಒಂದೊಂದಾಗಿ ತಿರುಗಿಸುತ್ತ, ಚಕ್ರ ಕೈಯಲ್ಲಿ ಸುತ್ತಿದಾಗ ಸಣ್ಣದೊಂದು ಉಜ್ಜು ಮಾತ್ರ ಕೇಳಿಸುವಂತೆ ಬಿಟ್ಟರು. ಪೆಡಲ್‌ನ ಸಡಿಲ ಓಟ ಎದ್ದು ಕಾಣುವಷ್ಟು ಕಡಿಮೆಯಾಯಿತು. ಇದಕ್ಕಿಂತ ಹೆಚ್ಚು ಬಲವನ್ನು ಹಿಂದಕ್ಕೆ ತಳ್ಳುವ ಸಾಹಸ ನನಗೆ ಬೇಡ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ಸುತ್ತಿಬಿಡುತ್ತದೆ.

ನಿಜವಾದ ಸಂತೋಷ ಕೊಟ್ಟದ್ದು ಪ್ಯಾಡ್ ಅಲ್ಲ, ಅದರ ಜೊತೆಗೆ ತೆಗೆದುಕೊಂಡ ಟ್ರೆಡ್‌ವೇರ್ (ಸವೆತ ತಾಳುವ ಅಂಕ) 200ರ ಮೆದು ಟೈರ್‌ಗಳು ಮತ್ತು ಒಂದು ಗಾಳಿ ಮೀಟರ್. ಮುಂದಿನ ಎರಡಕ್ಕೆ ಮಾತ್ರ ಹಾಕಿಸಿದರೆ ಸಾಕೆಂಬ ಸಲಹೆ ಬಂದಿತ್ತು, ನಾನು ಒಪ್ಪಲಿಲ್ಲ. ಹಿಂದೆ ಹಿಡಿತ ಕಡಿಮೆಯಿರುವ ಕಾರು ನಮ್ಮ ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿಯುವುದನ್ನು ನೆನೆಯುವುದೂ ಬೇಡ. ಟ್ರ್ಯಾಕ್ ಮುಟ್ಟಿದ ಕೂಡಲೇ ಟೈರ್‌ನ ಅಂಚಿನಿಂದ ಪಕ್ಕದ ಗೋಡೆಯವರೆಗೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತೇನೆ, ತಣ್ಣಗಿರುವಾಗಲೇ ಗಾಳಿಯನ್ನು 28 ಪಿಎಸ್‌ಐಗೆ ಇಳಿಸುತ್ತೇನೆ. ಟೈರ್ ಐದಾರು ಡಿಗ್ರಿ ಕಾದಂತೆಲ್ಲ ಸುಮಾರು ಒಂದು ಪಿಎಸ್‌ಐ ಏರುವುದರಿಂದ ಸುತ್ತು ಮುಗಿಸಿ ಬರುವಷ್ಟರಲ್ಲಿ ಅದು 33ರ ಹತ್ತಿರ ಬಂದಿರುತ್ತದೆ. ಸುಣ್ಣದ ಗೆರೆ ಅಂಚಿನ ಪುಟ್ಟ ತ್ರಿಕೋನದ ಗುರುತಿನವರೆಗೆ ಅಳಿಸಿದ್ದರೆ ಗಾಳಿ ಸರಿಯಿದೆ. ಅದನ್ನೂ ದಾಟಿ ಗೋಡೆಯ ಕಡೆ ಅಳಿಸಿದ್ದರೆ ಟೈರ್ ಮಗುಚುತ್ತಿದೆ, ಸ್ವಲ್ಪ ಗಾಳಿ ಬೇಕು. ಊರಿಗೆ ಹೊರಡುವ ಮೊದಲು ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟು ಗಾಳಿ ಮತ್ತೆ ತುಂಬಿಸಲೇಬೇಕು.

ಇಷ್ಟು ಹೊಂದಾಣಿಕೆಯಾದ ಮೇಲೆ ಟ್ರ್ಯಾಕ್‌ನಲ್ಲಿ ಪ್ಯಾಡ್ ಒಳ್ಳೆಯದೇ ಅನ್ನಿಸಿತು. ಆದರೆ ವರ್ಷದ ಉಳಿದ ದಿನಗಳಲ್ಲಿ ಕಾರು ನಿಲ್ಲುವುದು ಕೋಡಿಬಾಗದ ನಮ್ಮ ಅಂಗಳದಲ್ಲಿ, ಕಾಳಿ ನದಿ ಸಮುದ್ರ ಸೇರುವ ಕಡೆಯಿಂದ ಬರುವ ಗಾಳಿಗೆ ಮೈಯೊಡ್ಡಿಕೊಂಡು. ಈ ಪ್ಯಾಡ್‌ನ ಧೂಳಿನಲ್ಲಿ ಕಬ್ಬಿಣವಿದೆ. ಅದು ಅಲಾಯ್ ಚಕ್ರದ ಮೇಲೆ ಕೂತು, ತೇವ ಕುಡಿದು, ಅಲ್ಲೇ ತುಕ್ಕು ಹಿಡಿದು ಕಂದು ಚುಕ್ಕೆಗಳಾಗುತ್ತದೆ. ವಾರ ಬಿಟ್ಟರೆ ಶಾಂಪೂವಿಗೂ ಬಗ್ಗುವುದಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ, ಡಿಸ್ಕ್ ತಣ್ಣಗಿರುವಾಗಲೇ, ಒಂದು ಬಕೆಟ್ ನೀರು, ತೆಂಗಿನ ನಾರು, ಮೂಲೆಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂರುವುದು ರೂಢಿಯಾಗಿದೆ. ಮಳೆಗಾಲದಲ್ಲಿ ಇನ್ನೊಂದು ತಕರಾರು. ರಾತ್ರಿ ನಿಂತ ಕಾರನ್ನು ಬೆಳಿಗ್ಗೆ ಹೊರಡಿಸಿದರೆ ಡಿಸ್ಕ್‌ಗೆ ಅಂಟಿದ ಪ್ಯಾಡ್ ‘ಟಕ್’ ಎಂದು ಬಿಡಿಸಿಕೊಳ್ಳುತ್ತದೆ, ಮೊದಲ ನಾಲ್ಕಾರು ಬ್ರೇಕು ಕರಕರ ಎನ್ನುತ್ತದೆ. ಹಿಂದಿನ ಲೈನರ್ ಕೂಡ ಡ್ರಮ್‌ಗೆ ಅಂಟದಿರಲೆಂದು ನಾನು ಹ್ಯಾಂಡ್ ಬ್ರೇಕ್ ಎಳೆಯುವುದನ್ನೇ ಬಿಟ್ಟು, ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುತ್ತೇನೆ. ಬ್ರೇಕ್ ಆಯಿಲ್ ತೇವ ಹೀರುವ ಗುಣದ್ದು: ಡಾಟ್ 4 ದರ್ಜೆಯ ಆಯಿಲ್‌ಗೆ ಕನಿಷ್ಠ ಕುದಿಬಿಂದು ಹೊಸದಿದ್ದಾಗ 230 ಡಿಗ್ರಿ ಇದ್ದದ್ದು ತೇವ ಹೀರಿದ ಮೇಲೆ 155ಕ್ಕೆ ಇಳಿಯಬಹುದು. ಆದ್ದರಿಂದ ಟ್ರ್ಯಾಕ್‌ಗೆ ಹೋಗುವ ಮೊದಲು ಹೊಸ ಆಯಿಲ್ ಹಾಕಿಸಿ, ಪೈಪಿನಲ್ಲಿ ಸಿಕ್ಕ ಗಾಳಿ ಹೋಗುವಂತೆ ಬ್ಲೀಡ್ ಮಾಡಿಸುವುದನ್ನು ತಪ್ಪಿಸುವುದಿಲ್ಲ.

ಊರಿಗೊಂದು, ಟ್ರ್ಯಾಕ್‌ಗೊಂದು ಪ್ಯಾಡ್ ಇಟ್ಟುಕೊಳ್ಳುವುದು ಒಂದು ದಾರಿ. ಆದರೆ ಬೇರೆ ಜಾತಿಯ ಪ್ಯಾಡ್ ಹಾಕಿದಾಗಲೆಲ್ಲ ಡಿಸ್ಕ್‌ನ ಮೇಲೆ ಹೊಸ ಪದರ ಕೂರುವವರೆಗೆ, ವಾಹನಗಳಿಲ್ಲದ ನಸುಕಿನಲ್ಲಿ ಕದ್ರಾ ರಸ್ತೆಗೆ ಹೋಗಿ ಮತ್ತೆ ಮತ್ತೆ ವೇಗ ಇಳಿಸಿ ಪಳಗಿಸಬೇಕು. ವರ್ಷಕ್ಕೆ ಬೆರಳೆಣಿಕೆಯಷ್ಟು ಸಲ ಟ್ರ್ಯಾಕ್‌ಗೆ ಹೋಗುವ ನನಗೆ ಅಷ್ಟು ತಾಳ್ಮೆಯಿಲ್ಲ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಇವು ಸವೆದ ಮೇಲೆ ತರುವುದು ಎಫ್‌ಎಫ್ ಗುರುತಿನದ್ದು. ಉಳಿಯುವ ಹಣ ಮುಂದಿನ ಚಕ್ರಗಳ ಓರೆಯನ್ನು ಹೊಂದಿಸುವ ಕ್ಯಾಂಬರ್ ಬೋಲ್ಟ್‌ಗೆ, ಏಕೆಂದರೆ ಮೆದು ಟೈರ್‌ಗಳ ಹೊರ ಅಂಚು ಈಗಲೇ ಒಳ ಅಂಚಿಗಿಂತ ಬೇಗ ಸವೆಯುತ್ತಿದೆ.