ಶಾಲಾ ಭದ್ರತೆಗೆ ದುಡ್ಡು: ಟೆಕ್ಸಸ್ ದಾರಿಯೋ, ಫ್ಲೋರಿಡಾ ದಾರಿಯೋ?

ಅಮೆರಿಕದ ಈ ಎರಡೂ ರಾಜ್ಯಗಳು ಸರ್ಕಾರಿ ಶಾಲೆಗಳಿಗೆ ಕಾವಲು ಕಡ್ಡಾಯ ಮಾಡಿವೆ. ಫರಕು ಇರುವುದು ದುಡ್ಡು ಕೊಡುವ ರೀತಿಯಲ್ಲಿ.

ಶಾಲೆಗೊಬ್ಬ ಬಂದೂಕುಧಾರಿ ಕಾವಲುಗಾರ ಇರಲೇಬೇಕು ಎಂದು ಟೆಕ್ಸಸ್ 2023ರಲ್ಲಿ ಹೇಳಿತು. ಕೊಟ್ಟದ್ದು ವರ್ಷಕ್ಕೆ ಶಾಲೆಗೆ 15,000 ಡಾಲರ್, ಮಗುವಿಗೆ 10 ಡಾಲರ್. 500 ಮಕ್ಕಳ ಶಾಲೆಗೆ ಲೆಕ್ಕ ಹಾಕಿ: 20,000. ಒಬ್ಬರ ಸಂಬಳಕ್ಕೂ ಸಾಲದು, ಅಲ್ವಾ? 2025ರ ಕಾನೂನಿನಲ್ಲಿ ಅದೇ ಶಾಲೆಗೆ 43,540 ಆಯಿತು. ಪರವಾಗಿಲ್ಲ.

ಪಾರ್ಕ್‌ಲ್ಯಾಂಡ್‌ನಲ್ಲಿ ಶಾಲೆಯೊಂದರಲ್ಲಿ ನಡೆದ ಗುಂಡಿನ ದಾಳಿಗೆ 17 ಜನ ಸತ್ತ ತಿಂಗಳೊಳಗೆ, 2018ರಲ್ಲಿ, ಫ್ಲೋರಿಡಾ ಸುಮಾರು 40 ಕೋಟಿ ಡಾಲರ್ ತೆಗೆದಿಟ್ಟಿತು. ಅದರಲ್ಲಿ ಮಕ್ಕಳ ಮಾನಸಿಕ ಆರೋಗ್ಯಕ್ಕೇ 6.9 ಕೋಟಿ ಬೇರೆ.

ಲೆಕ್ಕ ಸಲೀಸಾಗಿರಬೇಕೆಂದರೆ ಟೆಕ್ಸಸ್. ಕಾವಲಿನ ಖರ್ಚು ಕೌನ್ಸೆಲರ್ ದುಡ್ಡನ್ನು ನುಂಗಬಾರದು ಎಂದರೆ ಫ್ಲೋರಿಡಾ. ನನ್ನ ಓಟು ಎರಡನೆಯದಕ್ಕೆ.