ಹಳ್ಳದ ದಂಡೆಗೆ ಜಿಯೋಫೋನ್: ಒಂದು ಮಳೆಗಾಲ ಬಳಸಿದ ಮೇಲೆ

ಶಿರಸಿ ಹತ್ತಿರ ನಮ್ಮ ಮನೆ. ಹಿಂದೆ ಸೊಪ್ಪಿನ ಬೆಟ್ಟ, ಮುಂದೆ ಅಡಿಕೆ ತೋಟ, ಪಕ್ಕದಲ್ಲೇ ಹಳ್ಳ. 2024ರ ಜುಲೈ 16ಕ್ಕೆ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಜಾರಿ ಗಂಗಾವಳಿ ನದಿಗೆ ಬಿತ್ತಲ್ಲ, ಆಮೇಲೆ ರಾತ್ರಿ ಮಳೆ ಜೋರಾದರೆ ಆಯಿಗೂ ನನಗೂ ನಿದ್ದೆ ಇಲ್ಲ. ಹಾಗಾಗಿ ನೆಲದ ಕಂಪನ ಅಳೆಯುವ ಈ ಕಿಟ್ ತರಿಸಿದೆ. ಹೆಚ್ಚುಕಮ್ಮಿ ಒಂದು ಕ್ವಿಂಟಲ್ ಅಡಿಕೆಯ ದುಡ್ಡು ಹೋಯಿತು.

ಒಳಗಿರುವುದು 4.5 ಹರ್ಟ್ಸ್‌ನ ಜಿಯೋಫೋನ್ (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಅನ್ನುವ ಲೆಕ್ಕ). ಅಯಸ್ಕಾಂತ, ಸ್ಪ್ರಿಂಗಿಗೆ ತೂಗಿದ ತಂತಿಸುರುಳಿ, ಅಷ್ಟೇ. ನೆಲ ಅಲುಗಿದರೆ ಸಣ್ಣ ಕರೆಂಟ್ ಹುಟ್ಟುತ್ತದೆ, ಪಕ್ಕದ ಪುಟ್ಟ ಕಂಪ್ಯೂಟರ್ ಸೆಕೆಂಡಿಗೆ 100 ಸಲ ಅದನ್ನು ಬರೆದುಕೊಂಡು ಪರದೆ ಮೇಲೆ ಗೆರೆಯಾಗಿ ತೋರಿಸುತ್ತದೆ. ಹಳ್ಳ ಜೋರಾದರೆ ದಂಡೆಯ ನೆಲವೂ ನಡುಗುತ್ತದೆ, ಹಾಗಾಗಿ ನೀರಿನೊಳಗೆ ಏನೂ ಇಡಬೇಕಿಲ್ಲ ಎನ್ನುವುದೇ ನನಗೆ ಹಿಡಿಸಿದ್ದು. ಹಿಂದೆ ನೆಟ್ಟಿದ್ದ ಅಳತೆಕೋಲನ್ನು ಹಳ್ಳ ಮೊದಲ ವಾರವೇ ತೆಗೆದುಕೊಂಡು ಹೋಗಿತ್ತು!

ಶುರುವಿನಲ್ಲಿ ಬರೀ ತಲೆನೋವು. ಪಂಪ್ ಹಾಕಿದರೆ ಗೆರೆ ಕುಣಿಯುತ್ತದೆ, ಕೊಟ್ಟಿಗೆಯಲ್ಲಿ ದನ ಎದ್ದರೆ ಕುಣಿಯುತ್ತದೆ, ಗಾಳಿಗೆ ಅಡಿಕೆ ಮರ ತೂಗಿದರೂ ಕುಣಿಯುತ್ತದೆ. ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಒಂದೂವರೆ ಅಡಿ ಗುಂಡಿ ತೆಗೆದು, ಕೊಟ್ಟಿಗೆಯಿಂದ ದೂರ ಹೂತ ಮೇಲೆ ಸರಿಯಾಯಿತು.

ಜುಲೈನ ಒಂದು ರಾತ್ರಿ ನಮ್ಮಲ್ಲಿ ಮಳೆ ನಿಂತೇ ಹೋಗಿತ್ತು, ಆದರೆ ಗೆರೆ ಮಾತ್ರ ದಪ್ಪ ಆಗ್ತಾ ಹೋಯಿತು, ಅದರಲ್ಲೂ ಹೆಚ್ಚು ಹರ್ಟ್ಸ್ ಕಡೆ. ನೀರಿನ ನಡುಕ ಸಾಮಾನ್ಯವಾಗಿ ಕಡಿಮೆ ಹರ್ಟ್ಸ್‌ನಲ್ಲಿ, ತಳದಲ್ಲಿ ಕಲ್ಲು ಉರುಳಿ ಬಡಿದರೆ ಹೆಚ್ಚು ಹರ್ಟ್ಸ್‌ನಲ್ಲಿ. ಬೆಳಿಗ್ಗೆ ನೋಡಿದರೆ ಕಾಲುಸಂಕದ ಬುಡದ ಕಲ್ಲುಗಳೇ ಇಲ್ಲ.

ಆದರೆ ಅದು ಎಚ್ಚರಿಕೆ ಆಯಿತಾ? ಇಲ್ಲ. ಸ್ವಿಟ್ಜರ್ಲೆಂಡಿನ ಇಲ್‌ಗ್ರಾಬೆನ್‌ನಲ್ಲಿ ಕೆಸರು, ಬಂಡೆ ಹೊತ್ತು ಬರುವ ಹಳ್ಳಕ್ಕೆ ಹೀಗೇ ಜಿಯೋಫೋನ್ ಹಾಕಿದ್ದಾರೆ, ಆದರೆ ಮೇಲ್ಗಡೆ. ಮೇಲೆ ನಡುಗಿದರೆ ಕೆಳಗಿನವರಿಗೆ ಓಡಲು ಕೆಲವು ನಿಮಿಷ ಸಿಗುತ್ತದೆ. ನಾನು ಮನೆ ಪಕ್ಕ ಹೂತಿದ್ದೇನೆ, ಅದಕ್ಕೆ ಗೊತ್ತಾಗುವ ಹೊತ್ತಿಗೆ ನನಗೂ ಗೊತ್ತಾಗಿರುತ್ತದೆ. ಇದು ಕಿಟ್‌ನ ತಪ್ಪಲ್ಲ, ನನ್ನದು. ಇನ್ನು ಧರೆ ಯಾವಾಗ ಕುಸಿಯುತ್ತದೆ ಅಂತ ಮೊದಲೇ ಹೇಳುವ ಯಂತ್ರ ಇದಲ್ಲ, ಹಾಗಂದುಕೊಂಡು ಕೊಳ್ಳಬೇಡಿ.

ಕರೆಂಟ್ ಇನ್ನೊಂದು ಕಥೆ. ಮೂರು ದಿನ ಲೈನ್ ಇಲ್ಲದಾಗ ಇನ್ವರ್ಟರೂ ಮಲಗಿತು, ಟವರೂ ಮಲಗಿತು, ಬೇಕಾದ ದಿನವೇ ಗೆರೆ ಖಾಲಿ. ಸಣ್ಣ ಸೋಲಾರ್ ಬ್ಯಾಟರಿ ಬೇರೆ ತಗೊಳ್ಳಲೇಬೇಕು.

ಐದಕ್ಕೆ ಮೂರೂವರೆ ಕೊಡ್ತೇನೆ. ಈ ಸಲ ಬೆಟ್ಟದ ತುದಿಗೆ ಒಯ್ದು ಹೂಳುವವನಿದ್ದೇನೆ. ಕೇಬಲ್ಲನ್ನು ಮುಳ್ಳುಹಂದಿ ಕಡಿಯದ ಹಾಗೆ ಯಾರಾದರೂ ಎಳೆದಿದ್ದರೆ ಹೇಳಿ.